‘ಮತ್ತು ಸಂಗಡಿಗರು’ ಯಾರೆಂದು ಹುಡುಕಿದ್ದು

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹಾಡಿದವರ ಫೋಟೊ ಇರುತ್ತಿತ್ತು, ಹೆಸರು ಇರುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಸಂಗಡಿಗರು’. ಪೇಟಿ (ಹಾರ್ಮೋನಿಯಂ), ತಬಲಾ, ತಾಳ, ದಪ್ಪು, ತುಂತುಣಿ ನುಡಿಸಿದವರೆಲ್ಲ ಆ ಎರಡು ಶಬ್ದಗಳೊಳಗೆ. ಅವರ ಮೇಲೆ ಸಾಕ್ಷ್ಯಚಿತ್ರ ಮಾಡುತ್ತೇನೆಂದಾಗ ಬಾಗಲಕೋಟೆಯ ನಮ್ಮ ವಿಡಿಯೊ ಬಳಗದಲ್ಲಿ ನಕ್ಕವರೇ ಹೆಚ್ಚು. ಫೋಟೊ ಇಲ್ಲ, ಹಳೆಯ ತುಣುಕಿಲ್ಲ, ಯಾರು ನುಡಿಸಿದರೆಂಬ ಕಾಗದವೂ ಇಲ್ಲ. ಪರದೆಯ ಮೇಲೆ ಏನು ತೋರಿಸುತ್ತೀಯ, ಗೋಡೆಯನ್ನೇ ಎಂದರು. ಐವತ್ತೆರಡು ನಿಮಿಷದ ಚಿತ್ರ ಈಗ ಮುಗಿದಿದೆ. ನಕ್ಕವರಲ್ಲಿ ಇಬ್ಬರು ಹೇಗೆ ಮಾಡಿದೆ ಎಂದು ಫೋನ್ ಮಾಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಎಲ್ಲರಂತೆ ಕುರ್ಚಿ ಹಾಕಿ, ಎರಡು ಲೈಟು ಇಟ್ಟು, ಅಂಗಿಗೆ ಮೈಕು ಸಿಕ್ಕಿಸಿ ಪ್ರಶ್ನೆ ಕೇಳಿದೆ. ಹನ್ನೊಂದು ಗಂಟೆಯಷ್ಟು ಚಿತ್ರೀಕರಣ. ‘ಕರೆದರು, ಹೋದೆವು, ನುಡಿಸಿದೆವು, ಊಟ ಮಾಡಿ ಬಂದೆವು’ ಎಂಬುದನ್ನು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ. ಮುಧೋಳದಲ್ಲಿ ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳ ಸ್ಪೀಕರು ನಮ್ಮ ಮೈಕಿಗಿಂತ ಜೋರು. ರಬಕವಿಯಲ್ಲಿ ಮಗ್ಗಗಳ ಸದ್ದು. ಅಲ್ಲಿ ಕೊನೆಗೆ ಕರೆಂಟು ಹೋಗುವುದನ್ನೇ ಕಾಯುತ್ತ ಕುಳಿತೆ. ಮಗ್ಗ ನಿಂತ ಕೂಡಲೇ ಬ್ಯಾಟರಿ ರೆಕಾರ್ಡರು ಒತ್ತುವುದು, ಕರೆಂಟು ಬಂದರೆ ಚಹಾ. ಎರಡು ದಿನದಲ್ಲಿ ನಲವತ್ತು ನಿಮಿಷ ಸಿಕ್ಕಿತು. ಸುಮಾರು ಅರವತ್ತು ಸಾವಿರ ರೂಪಾಯಿ ಹೀಗೆ ಕರಗಿತು.

ದಾರಿ ಸಿಕ್ಕಿದ್ದು ಲೋಕಾಪುರದ ಕಡೆಯ ಒಬ್ಬ ಪೇಟಿ ಮಾಸ್ತರರ ಪಡಸಾಲೆಯಲ್ಲಿ. ವರ್ಷಗಟ್ಟಲೆ ಶ್ರೀಕೃಷ್ಣ ಪಾರಿಜಾತ ಆಟದ ಮೇಳಕ್ಕೆ ನುಡಿಸಿದವರು. ಮಾತು ಹತ್ತದೆ, ಜೊತೆಯಲ್ಲಿದ್ದ ಶರೀಫರ ತತ್ವಪದದ ಕ್ಯಾಸೆಟ್ಟೊಂದನ್ನು ಸುಮ್ಮನೆ ಹಾಕಿದೆ. ಅವರು ಎದ್ದು ಒಳಗೆ ಹೋಗಿ ತಮ್ಮ ಪೇಟಿಯನ್ನು ತಂದು ಜೊತೆಗೇ ನುಡಿಸತೊಡಗಿದರು. ಸುರ ಕೂಡಲಿಲ್ಲ. ‘ತಮ್ಮಾ, ನಿನ್ನ ಯಂತ್ರ ಜೋರಾಗಿ ಓಡುತ್ತಿದೆ. ಅಂದು ನಾನು ಹಿಡಿದದ್ದು ಕರಿ ಎರಡು’ ಎಂದರು. ಕರಿ ಎರಡು ಅಂದರೆ ಪೇಟಿಯ ಎರಡನೆಯ ಕಪ್ಪು ಪಟ್ಟಿ, ಹಾಡಿಗೆ ಹಿಡಿದ ಷಡ್ಜ.

ಅವರ ಮಾತು ನಿಜ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸರಿಯಬೇಕು; ನಕಲಿನ ನಕಲು ಆಗುತ್ತ ಬಂದ ಕ್ಯಾಸೆಟ್ಟಿನಲ್ಲಿ ಆ ಲೆಕ್ಕ ಎಲ್ಲಿ ಉಳಿದೀತು? ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡಿನ ಪಕ್ಕದ ಸ್ಕ್ರೂ ತಿರುಗಿಸಿ, ಅದರ ಓರೆ ಸರಿಪಡಿಸಿ ತಾಳದ ಝಣಕು ಮರಳಿಸುವುದು ನಮ್ಮ ಬಳಗದವರಿಗೆಲ್ಲ ಗೊತ್ತಿರುವುದೇ. ಆದರೆ ಓಟ ಎಷ್ಟು ತಪ್ಪಿದೆ ಎಂದು ಹೇಳುವವರು ಯಾರು? ಪೇಟಿಯೇ ಹೇಳುತ್ತದೆ. ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಮರುವಾರ ಹೋದೆ. ಮಾಸ್ತರರು ಕರಿ ಎರಡನ್ನು ಒತ್ತಿ ಹಿಡಿದರು, ನಾನು ಟೇಪಿನ ಓಟವನ್ನು ಕೂದಲೆಳೆಯಷ್ಟು ಇಳಿಸುತ್ತ ಹೋದೆ. ಎರಡು ಪೇಟಿಗಳ ದನಿಯ ನಡುವೆ ‘ವ್ಹಂ ವ್ಹಂ’ ಎಂಬ ಅಲೆ ಇರುತ್ತದಲ್ಲ, ಅದು ನಿಧಾನವಾಗುತ್ತ ಬಂದು, ನೂರಕ್ಕೆ ನಾಲ್ಕರಷ್ಟು ಇಳಿಸಿದಾಗ ಅಡಗಿಹೋಯಿತು. ಆಮೇಲೆ ಟೇಪಿನ ಪೇಟಿ ಯಾವುದು, ಎದುರಿನದು ಯಾವುದು ಎಂದು ನನಗೇ ತಿಳಿಯದಾಯಿತು.

ಆಗ ಮಾಸ್ತರರು ಕೈಯೆತ್ತಿ ನಿಲ್ಲಿಸೆಂದರು. ಟೇಪಿನೊಳಗೆ ಒಂದು ಬಿಳಿ ಪಟ್ಟಿ ಒತ್ತಿದಾಗಲೆಲ್ಲ ಸಣ್ಣದೊಂದು ‘ಟಕ್’. ಅವರು ತಮ್ಮ ಪೇಟಿಯಲ್ಲಿ ಅದೇ ಪಟ್ಟಿ ಒತ್ತಿದರು. ಟಕ್. ಮೂವತ್ತೈದು ವರ್ಷದ ಹಿಂದಿನ ಸದ್ದು, ರಿಪೇರಿಗೆ ದುಡ್ಡಿಲ್ಲದೆ ಹಾಗೇ ಉಳಿದದ್ದು. ನುಡಿಸಿದ್ದು ಯಾರೆಂಬುದಕ್ಕೆ ಇನ್ನಾವ ಕಾಗದ ಬೇಕು?

ಅಲ್ಲಿಂದ ಮುಂದೆ ನಾನು ಮನುಷ್ಯರಿಗಿಂತ ಮೊದಲು ವಾದ್ಯಗಳನ್ನು ಹುಡುಕಿದೆ. ಒಂದು ಪೇಟಿ ಮಾರಾಟವಾಗಿ ಜಮಖಂಡಿ ತಾಲ್ಲೂಕಿನ ಒಂದು ಗುಡಿಯ ಭಜನೆಗೆ ಸೇರಿತ್ತು. ಗುಡಿಯ ಯಜಮಾನರನ್ನು ಒಪ್ಪಿಸಲು ಮೂರು ಸೋಮವಾರ ಹೋದೆ. ಇನ್ನೊಂದು ಪೂರ್ತಿ ಸೋಲು. ಮಿರಜಿಗೆ ಒಯ್ದು ಒಳಗಿನ ರೀಡುಗಳನ್ನು (ದನಿ ಹೊರಡಿಸುವ ನಾಲಗೆಗಳನ್ನು) ಕೆರೆಸಿ ಹೊಸದಾಗಿ ಸುರ ಮಾಡಿಸಿದ್ದರಂತೆ. ಇಡೀ ದಿನ ಜಗ್ಗಿದರೂ ಎಲ್ಲ ಪಟ್ಟಿಗಳಲ್ಲೂ ಒಟ್ಟಿಗೆ ಅಲೆ ನಿಲ್ಲಲಿಲ್ಲ. ಬಾಡಿಗೆ ಕಾರು, ಊಟ, ಸಹಾಯಕನ ಕೂಲಿ ಸೇರಿ ನಾಲ್ಕು ಸಾವಿರ ನೀರಿಗೆ ಹೋಯಿತು.

ತಬಲಾ ಕಾಕಾ ಒಬ್ಬರಿಗೆ ತಾವು ಯಾವ ಹಾಡಿಗೆ ನುಡಿಸಿದ್ದೆಂದು ನೆನಪೇ ಇರಲಿಲ್ಲ. ಓಟ ಸರಿಪಡಿಸಿದ ಟೇಪನ್ನು ಒಂದು ಕಿವಿಗೆ ಕೇಳಿಸಿ ತಬಲಾ ಮುಂದಿಟ್ಟೆ. ಎರಡನೆಯ ಆವರ್ತನಕ್ಕೆ ಕೈ ತಾನಾಗಿ ಮುಕ್ತಾಯಕ್ಕೆ ಹೋಯಿತು, ಟೇಪಿನಲ್ಲೂ ಅದೇ ಜಾಗದಲ್ಲಿ ಅದೇ ಮುಕ್ತಾಯ. ಅವರೇ ನಕ್ಕುಬಿಟ್ಟರು. ಕಿವಿಯ ಹಳೆಯ ದನಿ ಮೈಕಿಗೆ ಸೋರದಂತೆ ಏನು ಮಾಡಿದೆ ಎಂದು ಮಾತ್ರ ಹೇಳುವುದಿಲ್ಲ. ಹದಿನೈದು ರೂಪಾಯಿಯ ಸಾಮಾನು, ಅಷ್ಟೇ.

ನಡುವೆ ಒಂದು ಹುಚ್ಚೂ ಹಿಡಿಯಿತು. ಚಿತ್ರದಲ್ಲಿ ತಬಲಾದ ಮೊದಲ ‘ಧಾ’ ಹೊಡೆತಕ್ಕೆ ಗೋಳಗುಮ್ಮಟದ ಪ್ರತಿಧ್ವನಿ ಇರಲಿ ಎಂದು ವಿಜಯಪುರಕ್ಕೆ ಹೋದೆ. ಪರವಾನಗಿ ಇಲ್ಲದೆ ಸ್ಟ್ಯಾಂಡು ಇಡುವಂತಿಲ್ಲ. ಮೊಬೈಲಿನಿಂದಲೇ ಒಂದು ಹೊಡೆತ ಕೇಳಿಸಿ ಇನ್ನೊಂದರಲ್ಲಿ ಹಿಡಿಯಲು ನೋಡಿದೆ. ಗುಮ್ಮಟ ಏಳು ಬಾರಿ ಮರಳಿಸುವುದಕ್ಕೆ ತಯಾರಿತ್ತು, ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಬಿಡಲಿಲ್ಲ. ಉಳಿದದ್ದು ಒಬ್ಬ ಹುಡುಗನ ಸೀಟಿ. ಅದನ್ನೇ ಹೆಸರುಗಳು ಬರುವ ಕಡೆ ಬಳಸಿದ್ದೇನೆ, ಚೆನ್ನಾಗಿಯೇ ಕೂತಿದೆ.

ಇನ್ನು ಹಕ್ಕಿನ ತಲೆನೋವು. ಲಾಸ್ ಏಂಜಲೀಸ್‌ನ ಸ್ಟುಡಿಯೊ ವಾದಕರ ಮೇಲೆ ವಾದಕರೊಬ್ಬರ ಮಗನೇ ಮಾಡಿದ ಚಿತ್ರ 2008ರಲ್ಲಿ ಉತ್ಸವಗಳಲ್ಲಿ ಕಂಡರೂ, ಹಾಡುಗಳ ಹಕ್ಕಿಗೆ ಹಣ ಹೊಂದಿಸಿಕೊಂಡು ಚಿತ್ರಮಂದಿರಕ್ಕೆ ಬಂದದ್ದು 2015ರಲ್ಲಿ. ಅವರಿಗೇ ಆ ಗತಿ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. ಹಾಡಿ ನುಡಿಸುವ ಕಲಾವಿದರ ಹಕ್ಕು ಹಕ್ಕುಸ್ವಾಮ್ಯ ಕಾಯ್ದೆಗೆ ಬಂದದ್ದೇ 1994ರಲ್ಲಿ, ರಾಯಧನದ ಮಾತು ಸೇರಿದ್ದು 2012ರಲ್ಲಿ. ಎಂಬತ್ತರ ದಶಕದಲ್ಲಿ ನೂರೈವತ್ತು ರೂಪಾಯಿ ಮತ್ತು ಬಸ್ ಚಾರ್ಜು ಪಡೆದು ಬಂದವರಿಗೆ ಎರಡೂ ದಕ್ಕಲಿಲ್ಲ. ಕ್ಯಾಸೆಟ್ಟಿನ ಹಕ್ಕುದಾರರು ಒಂದು ಹಾಡಿಗೆ ನಲವತ್ತು ಸಾವಿರ ಕೇಳಿದರು. ಒಂದೇ ಹಾಡಿಗೆ ಚೌಕಾಸಿ ಮಾಡಿ, ಹದಿನೆಂಟಕ್ಕೆ ಒಪ್ಪಿಸಿ ಪತ್ರ ಪಡೆದೆ. ಉಳಿದದ್ದೆಲ್ಲ ಅದೇ ಕೈಗಳಿಂದ, ಅದೇ ವಾದ್ಯಗಳ ಮೇಲೆ ಹೊಸದಾಗಿ ನುಡಿಸಿದ್ದು. ಆರಿಸಿದ್ದೂ ಹಳೆಯ ತತ್ವಪದಗಳನ್ನೇ. ಪ್ರತಿಯೊಬ್ಬರಿಗೂ ದಿನಕ್ಕೆ ಎರಡೂವರೆ ಸಾವಿರ ಕೊಟ್ಟೆ. ಒಂದೂಕಾಲು ಲಕ್ಷದ ಅಂದಾಜು ಮೂರೂಕಾಲು ಲಕ್ಷಕ್ಕೆ ನಿಂತಿತು. ಒಳ್ಳೆಯ ಲೆನ್ಸ್ ಒಂದನ್ನು ಮಾರಿದೆ. ಮದುವೆಯ ಸೀಜನ್ನು ಮಿಕ್ಕಿದ್ದನ್ನು ತುಂಬಿತು.

ಮುಗಿದ ಪ್ರತಿಯನ್ನು ಮೊದಲು ಮಾಸ್ತರರ ಪಡಸಾಲೆಯಲ್ಲೇ ತೋರಿಸಿದೆ. ಕೊನೆಯವರೆಗೂ ಮಾತಾಡಲಿಲ್ಲ. ಆಮೇಲೆ ‘ಚಂದ ಇದೆ. ಆ ಪೇಟಿ ಯಾರದು?’ ಎಂದರು. ಬೆಳಗಾವಿಯಲ್ಲಿ ಧ್ವನಿ ಮಿಶ್ರಣ ಮಾಡಿದ ಹುಡುಗ ಆ ‘ಟಕ್’ ಅನ್ನು ಕೊಳೆ ಎಂದು ತಿಳಿದು ಒಂದೂ ಬಿಡದೆ ಒರೆಸಿಹಾಕಿದ್ದ. ಅದನ್ನು ಮರಳಿ ಕೂರಿಸಲು ಇನ್ನೂ ಸಾವಿರದ ಎಂಟುನೂರು ಕೊಟ್ಟೆ.