ಭಾನುವಾರವೂ 37 ಡಿಗ್ರಿ

ಕಲಬುರಗಿಯಲ್ಲಿ ಜೀವಕೋಶ ಬೆಳೆಸುತ್ತೇನೆಂದಾಗ ಬೆಂಗಳೂರಿನ ಸ್ನೇಹಿತರು, "ನಿಮ್ಮೂರಿನ ಬಿಸಿಲಿದ್ದರೆ ಇನ್‌ಕ್ಯುಬೇಟರ್ ಏಕೆ?" ಎಂದು ನಕ್ಕಿದ್ದರು. ತೊಂದರೆ ಇರುವುದೇ ಆ ಬಿಸಿಲಿನಲ್ಲಿ. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿಗೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಒಳಗೆ 37 ಡಿಗ್ರಿ ನಿಲ್ಲಬೇಕಾದರೆ ಕೊಠಡಿ ಅದಕ್ಕಿಂತ ಐದಾರು ಡಿಗ್ರಿ ತಣ್ಣಗಿರಬೇಕು.

ಇದನ್ನು ನಾನು ಕಲಿತದ್ದು ಮೇ ತಿಂಗಳ ಒಂದು ಭಾನುವಾರ. ಬೆಳಿಗ್ಗೆಯೇ ಕರೆಂಟು ಹೋಗಿತ್ತು. ಇನ್‌ಕ್ಯುಬೇಟರ್ ಯುಪಿಎಸ್ ಮೇಲೆ ನಡೆಯುತ್ತಿತ್ತು. ಎಸಿಗೆ ಆ ಭಾಗ್ಯವಿರಲಿಲ್ಲ. ಹೊರಗೆ 43. ಸಂಜೆ ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ 41 ಎಂಬ ಅಂಕಿ ಮಿನುಗುತ್ತಿತ್ತು. ಉದ್ದಕ್ಕೆ ಮೈ ಚಾಚಿ ತಳಕ್ಕೆ ಅಂಟಿಕೊಂಡಿರಬೇಕಾದ ಕೋಶಗಳು ಗುಂಡಗಾಗಿ ತೇಲುತ್ತಿದ್ದವು. ಮೂರು ತಿಂಗಳ ಕೆಲಸ ಒಂದೇ ಮಧ್ಯಾಹ್ನದಲ್ಲಿ ಬೆಂದುಹೋಗಿತ್ತು. ಮರುವಾರವೇ ಎಸಿಯನ್ನೂ ಜನರೇಟರಿಗೆ ಜೋಡಿಸಿದೆ. ಪ್ರತಿ ಬ್ಯಾಚಿನ ಅರ್ಧವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಎತ್ತಿಡುವುದೂ ಆಗಲೇ ಶುರುವಾಯಿತು.

ನಾನು ಬೆಳೆಸುವುದು ವಯಸ್ಕರ ಅಸ್ಥಿಮಜ್ಜೆಯ ಆಕರಕೋಶಗಳನ್ನು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು. ನೈತಿಕ ಸಮಿತಿಯ ಅನುಮತಿ, ದಾನಿಯ ಲಿಖಿತ ಒಪ್ಪಿಗೆ ಎರಡೂ ಆದ ಮೇಲೆ ಕೆಲವು ಮಿಲಿಲೀಟರ್ ಮಜ್ಜೆ ಕೈಗೆ ಬರುತ್ತದೆ. ಅದರಲ್ಲಿ ನಮಗೆ ಬೇಕಾದ ಕೋಶ ಹತ್ತು ಸಾವಿರಕ್ಕೊಂದು ಸಿಕ್ಕರೆ ಹೆಚ್ಚು. ಹಿಡಿಯುವ ಉಪಾಯ ಮಾತ್ರ ಸರಳ. ಪ್ಲಾಸ್ಟಿಕ್ ಫ್ಲಾಸ್ಕಿಗೆ ಸುರಿದು ಮೂರು ದಿನ ಮುಟ್ಟದೆ ಬಿಡಬೇಕು. ತೇಲುವುದನ್ನು ಚೆಲ್ಲಿದರೆ ತಳಕ್ಕೆ ಅಂಟಿದ್ದು ಉಳಿಯುತ್ತದೆ. ಕಷ್ಟವಿರುವುದು ಮುಟ್ಟದೆ ಬಿಡುವುದರಲ್ಲಿ. ಮೊದಲ ವರ್ಷ ತಡೆಯಲಾರದೆ ಮುಚ್ಚಳ ತೆರೆದು ಎಷ್ಟು ಫ್ಲಾಸ್ಕುಗಳಿಗೆ ಬೂಷ್ಟು ಹಿಡಿಸಿದೆನೋ, ಲೆಕ್ಕವಿಲ್ಲ.

ಸವೆದ ಮೊಣಕಾಲಿಗೆ ಈ ಕೋಶ ಚುಚ್ಚಿದರೆ ಹೊಸ ಮೃದ್ವಸ್ಥಿ (ಕೀಲಿನೊಳಗಿನ ಮೆತ್ತನೆಯ ಎಲುಬು) ಬೆಳೆಯುತ್ತದೆ ಎಂದು ನಂಬಿಯೇ ನಾನು ಸಂಶೋಧನೆಗೆ ಇಳಿದದ್ದು. ಪ್ರಯೋಗಾಲಯದಲ್ಲಿ ಅದು ಮೃದ್ವಸ್ಥಿಯಾಗುವುದು ನಿಜ. ನಾನೇ ಮಾಡಿ ನೋಡಿದ್ದೇನೆ. ಮೈಯೊಳಗಿನ ಕತೆ ಬೇರೆ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಹೆಚ್ಚು ದಿನ ಬಾಳುವುದಿಲ್ಲ. ಇರುವಷ್ಟು ಹೊತ್ತು ಅವು ಸ್ರವಿಸುವ ಪ್ರೋಟೀನುಗಳು ಉರಿಯೂತ ತಗ್ಗಿಸುತ್ತವೆ. ಕೆಲಸವೆಲ್ಲ ಹೆಚ್ಚುಕಡಿಮೆ ಅಷ್ಟೇ. 1991ರಲ್ಲಿ ಇವುಗಳಿಗೆ 'ಮೆಸೆಂಕೈಮಲ್ ಸ್ಟೆಮ್ ಸೆಲ್' ಎಂಬ ಹೆಸರಿಟ್ಟ ವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ಆ ಹೆಸರು ಜನರ ದಾರಿ ತಪ್ಪಿಸುತ್ತಿದೆ, ಬದಲಿಸಿ ಎಂದು ಬರೆದರು. ಓದಿ ಒಂದು ವಾರ ಮಂಕಾಗಿ ಕುಳಿತಿದ್ದೆ. ಆಮೇಲೆ, ಅಷ್ಟು ವರ್ಷ ಬ್ಲೀಚು ಹಾಕಿ ಚೆಲ್ಲುತ್ತಿದ್ದ, ಕೋಶಗಳು ನೆನೆದ, ಅವು ಸ್ರವಿಸಿದ್ದೆಲ್ಲ ಸೇರಿರುವ ದ್ರವವನ್ನೇ ಸೀಸೆಗಳಲ್ಲಿ ಹಿಡಿದಿಡತೊಡಗಿದೆ. ನನ್ನ ಈಗಿನ ಸಂಶೋಧನೆಯೆಲ್ಲ ಆ ದ್ರವದ ಮೇಲೆ.

2019ರಲ್ಲಿ ಆಳಂದದಿಂದ ಕಾಕಾ ಫೋನ್ ಮಾಡಿದರು. ಯಾವುದೋ ಊರಿನ ಕ್ಲಿನಿಕ್ ಒಂದು, ಆಕರಕೋಶ ಚುಚ್ಚಿ ಎರಡೂ ಮೊಣಕಾಲು ಹೊಸದು ಮಾಡಿಕೊಡುತ್ತೇವೆ ಎಂದು ಎರಡು ಲಕ್ಷ ಕೇಳಿತ್ತು. "ತೊಗರಿ ಮಾರಿದ ಹಣ ಕೈಯಲ್ಲಿದೆ, ನೀನು ಹೂಂ ಎಂದರೆ ಸಾಕವ್ವ" ಎಂದರು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಬಿಟ್ಟರೆ ಉಳಿದದ್ದು ಇನ್ನೂ ಪ್ರಯೋಗದ ಹಂತದಲ್ಲಿದೆ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ ಎಂಬ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ನೀನು ಇಷ್ಟು ವರ್ಷ ಏನು ಮಾಡಿದೆ?" ಎಂದರು. ನನ್ನ ಸಂಶೋಧನಾ ಪ್ರಬಂಧಗಳ ವಿಮರ್ಶಕರ ಎಷ್ಟೋ ಕೊಂಕು ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ. ಇದಕ್ಕೆ ಸುಮ್ಮನಾದೆ.

ಮುಂದಿನ ಸಲ ಕಲಬುರಗಿಗೆ ಬಂದಾಗ ಪ್ರಯೋಗಾಲಯಕ್ಕೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಕಾಕಾ ಬಹಳ ಹೊತ್ತು ಕಣ್ಣು ಕೀಳಲಿಲ್ಲ. "ಗಾಳಿಗೆ ಒಂದೇ ಕಡೆ ವಾಲಿದ ಜೋಳದ ಹಾಗಿದೆ. ನೀರು ಎಷ್ಟು ದಿನಕ್ಕೊಮ್ಮೆ?"

"ಮೂರು ದಿನಕ್ಕೊಮ್ಮೆ, ಕಾಕಾ."

"ಭಾನುವಾರ ಬಂದರೆ?"

"ಭಾನುವಾರವೂ ಬರುತ್ತೇನೆ" ಎಂದೆ.