ಎಳೆ ನೋಡದೆ ಕರೆಯೋಲೆ ಮಡಚಬೇಡಿ

ಕಳೆದ ವಾರ ಮೊಮ್ಮಗಳು ತನ್ನ ಗೆಳತಿಯ ಮದುವೆಗೆಂದು ಕೈಯಾರೆ ಮಾಡಿದ ಕರೆಯೋಲೆಗಳ ಕಟ್ಟನ್ನು ತಂದು ನನ್ನ ಮುಂದಿಟ್ಟಳು. ಚಿತ್ರ ಚೆನ್ನಾಗಿತ್ತು, ಅಕ್ಷರ ಇನ್ನೂ ಚೆನ್ನಾಗಿತ್ತು. ಮಡಿಕೆ ಮಾತ್ರ ಬತ್ತಿದ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಬಳಿದ ಹಸಿರು ಬಣ್ಣದ ನಡುವೆ ಬಿಳಿ ನಾರು ಹಲ್ಲು ಕಿರಿಯುತ್ತಿತ್ತು. "ಕಾಗದವೇ ಸರಿಯಿಲ್ಲ ಅಜ್ಜಿ" ಎಂದಳು. ಕಾಗದ ಸರಿಯಾಗಿಯೇ ಇತ್ತು. ಎಳೆಗೆ ಅಡ್ಡವಾಗಿ ಮಡಚಿದವಳು ಇವಳು.

ಈಗಿನ ಮಕ್ಕಳು ರಾತ್ರಿಯೆಲ್ಲ ಮೊಬೈಲಿನಲ್ಲಿ ಮದುವೆಯ ಚಿತ್ರಗಳನ್ನು ನೋಡುತ್ತಾರೆ, ಇಂಥದ್ದೇ ಬೇಕು ಎಂದು ಹಟ ಹಿಡಿಯುತ್ತಾರೆ. ಚಿತ್ರದಲ್ಲಿರುವ ಕಾಗದದ ಹೂವು, ಪೆಟ್ಟಿಗೆ, ಓಲೆ ಎಲ್ಲವೂ ಫೋಟೊ ತೆಗೆಯುವ ಆ ಗಳಿಗೆಯಲ್ಲಿ ನೆಟ್ಟಗೆ ನಿಂತಿದ್ದರೆ ಸಾಕು. ನಿಮ್ಮದು ಅಂಚೆಯಲ್ಲಿ ಹೋಗಬೇಕು, ಹತ್ತು ಕೈ ದಾಟಬೇಕು, ಯಾರದೋ ಮನೆಯ ಕಪಾಟಿನಲ್ಲಿ ಇಪ್ಪತ್ತು ವರ್ಷ ಉಳಿಯಬೇಕು. ಅದಕ್ಕೆ ಬೇಕಾದದ್ದನ್ನು ಹೇಳಿಕೊಡುವವರಿಲ್ಲದೆ ಈಗ ನಾನು ಬರೆಯಬೇಕಾಗಿದೆ.

ನನ್ನ ತಂದೆ ಪುಸ್ತಕ ಕಟ್ಟುತ್ತಿದ್ದರು. ಯಾವ ಹಾಳೆ ಕೈಗೆ ಬಂದರೂ ಮೊದಲು ಅದರ ಎಳೆ ನೋಡುತ್ತಿದ್ದರು, ಬಡಗಿ ಮರದ ಎಳೆ ನೋಡುವ ಹಾಗೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ಕದಡಿದ ನಾರು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಆಗ ಬಹುಪಾಲು ನಾರು ಓಟದ ದಿಕ್ಕಿಗೇ ಮಲಗುತ್ತದೆ. ಆ ದಿಕ್ಕೇ ಎಳೆ. ಎಳೆಯ ಉದ್ದಕ್ಕೆ ಮಡಚಿದರೆ ಕಾಗದ ಸುಮ್ಮನೆ ಬಾಗುತ್ತದೆ, ಅಡ್ಡಕ್ಕೆ ಮಡಚಿದರೆ ನಾರು ಮುರಿಯುತ್ತದೆ. ನಂಬದವರು ದಿನಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೇರವಾಗಿ ಸೀಳುತ್ತದೆ. ಅಡ್ಡಕ್ಕೆ ಹರಿದು ನೋಡಿ, ಇಲಿ ಕಡಿದಂತಾಗುತ್ತದೆ.

ದಪ್ಪ ಹಾಳೆಯಲ್ಲಿ ಎಳೆ ಕಂಡುಹಿಡಿಯಲು ಹರಿಯಬೇಕಾಗಿಲ್ಲ. ಗೆರೆ ಬೀಳದಂತೆ ಎರಡು ಅಂಚುಗಳನ್ನು ಮೆಲ್ಲಗೆ ಹತ್ತಿರ ತಂದು ಅಂಗೈಯಿಂದ ಒತ್ತಿ. ಇನ್ನೊಂದು ದಿಕ್ಕಿಗೂ ಹಾಗೆಯೇ ಮಾಡಿ. ಯಾವ ಕಡೆಗೆ ಜಗಳವಿಲ್ಲದೆ ಬಾಗುತ್ತದೋ ಮಡಿಕೆ ಆ ಕಡೆಗೇ ಇರಲಿ. ಕೈಗೆ ತಿಳಿಯದಿದ್ದರೆ ಹಾಳೆಯ ಮೂಲೆಯಿಂದ ಎರಡು ಬೆರಳಗಲದ ಚೌಕ ಕತ್ತರಿಸಿ, ಮೇಲು ಯಾವುದು ಎಂದು ಗುರುತು ಹಾಕಿ, ಒಂದೇ ಬದಿಗೆ ನೀರು ಸವರಿ. ಒದ್ದೆಯಾದ ನಾರು ಉದ್ದಕ್ಕಿಂತ ಹೆಚ್ಚಾಗಿ ಅಗಲಕ್ಕೆ ಉಬ್ಬುವುದರಿಂದ ತುಂಡು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆ ಮಲಗಿದ ದಿಕ್ಕೇ ಎಳೆಯ ದಿಕ್ಕು. ಪ್ರತಿ ಹೊಸ ಕಟ್ಟಿಗೂ ಇದನ್ನು ಮಾಡಿ. ಹೋದ ಸಲದ್ದೇ ಕಾಗದ ಎಂದು ಅಂಗಡಿಯವನು ಆಣೆ ಮಾಡಿದರೂ ಮಾಡಿ.

ಮೊಮ್ಮಗಳು ಎಡವಿದ್ದು ಎಲ್ಲಿ ಎಂದರೆ, ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕೆ, ಎಂದರೆ 297 ಮಿಲಿಮೀಟರ್ ಬದಿಯ ಗುಂಟ, ಇರುತ್ತದೆ. ಅದನ್ನು ಎಲ್ಲರೂ ಮಡಚುವಂತೆ ನಡುವೆ ಮಡಚಿದರೆ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ತೆಳು ಹಾಳೆಯಾದರೆ ತಿಳಿಯುವುದಿಲ್ಲ, 300 ಜಿಎಸ್‌ಎಂ, ಎಂದರೆ ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು, ದಪ್ಪದ್ದಾದರೆ ಬಿರುಕು ಕಟ್ಟಿಟ್ಟ ಬುತ್ತಿ. ಉಪಾಯ ಸುಲಭ. ಉದ್ದಕ್ಕೆ ಎಳೆಯಿರುವ ಎ3 ಹಾಳೆ ತಂದು ನಡುವೆ ಅಡ್ಡ ಕತ್ತರಿಸಿ. ಬರುವ ಎರಡು ಎ4 ತುಂಡುಗಳಲ್ಲಿ ಎಳೆ ಗಿಡ್ಡ ಬದಿಯ ಗುಂಟ ಇರುತ್ತದೆ, ಮಡಿಕೆ ತಾನಾಗಿ ಸರಿಹೋಗುತ್ತದೆ. ಯಂತ್ರವಿಲ್ಲದೆ ಕೈಯಲ್ಲೇ ಎತ್ತಿದ ಕಾಗದಕ್ಕೆ ಈ ತಾಪತ್ರಯ ಅಷ್ಟಾಗಿ ಇಲ್ಲ, ಅದರಲ್ಲಿ ನಾರು ಎಲ್ಲ ದಿಕ್ಕಿಗೂ ಹರಡಿರುತ್ತದೆ.

ಮಡಚುವ ಮೊದಲು ಗೆರೆ ಒತ್ತಬೇಕು. ಶಾಯಿ ಮುಗಿದ ಬಾಲ್‌ಪೆನ್ನು ಇದಕ್ಕೆ ಸಾಕು, ಅದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಅಡಿಗೆ ನಾಲ್ಕಾರು ಹಳೆಯ ಹಾಳೆ ಹಾಸಿ, ಅಳತೆಪಟ್ಟಿಯನ್ನು ಬಿಗಿಯಾಗಿ ಹಿಡಿದು, ಒಂದೇ ಎಳೆತಕ್ಕೆ ಗೆರೆ ಎಳೆಯಿರಿ. ಕತ್ತರಿಸುವಷ್ಟು ಒತ್ತಬೇಡಿ. ಈಗ ಎಲ್ಲರೂ ತಪ್ಪುವ ಜಾಗ ಬಂತು. ಗೆರೆಯ ಹಳ್ಳ ಕಂಡ ಕೂಡಲೇ ಅದರೊಳಕ್ಕೇ ಮಡಚಲು ಕೈ ಹೋಗುತ್ತದೆ. ಹಾಗಲ್ಲ. ಹಳ್ಳ ಹೊರಗಿರಬೇಕು, ಅದರ ಹಿಂದಿನ ಉಬ್ಬು ಮಡಿಕೆಯ ಒಳಗೆ ಬರಬೇಕು. ಆಗ ಹೊರಮೈ ಸೆಟೆದುಕೊಳ್ಳದೆ ಬಾಗುತ್ತದೆ. ಕೊನೆಗೆ ಮಡಿಕೆಯ ಮೇಲೆ ಒಂದು ಚೂರು ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿ. ಉಗುರಿನಿಂದ ನೇರವಾಗಿ ಉಜ್ಜಿದರೆ ಬಸವನಹುಳು ನಡೆದಂತೆ ಹೊಳೆಯುವ ಪಟ್ಟಿ ಬೀಳುತ್ತದೆ.

ಅಂಟಿನ ವಿಷಯಕ್ಕೆ ಬಂದರೆ, ಪಾರದರ್ಶಕ ಟೇಪು ನನ್ನ ಕಣ್ಣಿಗೆ ಬೀಳದಿರಲಿ. ನಾಲ್ಕು ವರ್ಷಕ್ಕೆ ಹಳದಿಯಾಗಿ, ಒಣಗಿ ಉದುರಿ, ಕಾಗದದ ಮೇಲೆ ಕಲೆ ಬಿಟ್ಟುಹೋಗುತ್ತದೆ. ಮೈದಾ ಅಂಟು ಮಾಡಿಕೊಳ್ಳಿ. ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಹಾಲಿನ ಹದಕ್ಕೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ. ಬಿಳುಪು ಹೋಗಿ ಮಂಜುಗಾಜಿನಂತಾದಾಗ ಇಳಿಸಿ, ತಣಿದ ಮೇಲೆ ತೆಳುಬಟ್ಟೆಯಲ್ಲಿ ಹಿಂಡಿ. ಆ ದಿನಕ್ಕೆ ಬೇಕಾದಷ್ಟೇ ಮಾಡಿ, ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ. ಹುಳು ತಿನ್ನದಿರಲಿ ಎಂದು ತಂದೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಅಂದ ಹಾಗೆ, ಅಂಟು ಕಾಯಿಸಿದ ಪಾತ್ರೆಗೆ ಬಿಸಿನೀರು ಹಾಕಿ ತಿಕ್ಕುತ್ತಾ ಗೊಣಗುವುದನ್ನು ನಿಲ್ಲಿಸಿ. ಬಿಸಿಗೆ ಹಿಟ್ಟು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ನೆನೆಹಾಕಿ ಬೇರೆ ಕೆಲಸ ನೋಡಿಕೊಳ್ಳಿ, ಪೊರೆ ತಾನಾಗಿ ಎದ್ದುಬರುತ್ತದೆ.

ಅಂಟನ್ನು ತೆಳ್ಳಗೆ ಹಚ್ಚಿ. ಒಂದರ ಮೇಲೊಂದು ಅಂಟಿಸುವ ಎರಡು ಹಾಳೆಗಳ ಎಳೆಯೂ ಒಂದೇ ದಿಕ್ಕಿಗಿರಲಿ, ಇಲ್ಲದಿದ್ದರೆ ಒಣಗುತ್ತಾ ಒಂದು ಇತ್ತ, ಒಂದು ಅತ್ತ ಎಳೆದು ಓಲೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ನನ್ನ ಅಕ್ಕನ ಮದುವೆಗೆ ಇನ್ನೂರು ಓಲೆ ಮಾಡಿದ್ದೆವು. ಆಗ ನನಗೆ ಹದಿನಾಲ್ಕು. ಅವಸರ ಮಾಡಿ, ಒದ್ದೆ ಓಲೆಗಳನ್ನು ನಡುವೆ ಹಾಳೆಯಿಡದೆ ಪೇರಿಸಿಬಿಟ್ಟೆ. ಬೆಳಗಾಗುವಷ್ಟರಲ್ಲಿ ಕೆಂಪು ಕಾಗದದ ಬಣ್ಣ ಬಿಳಿಯದಕ್ಕೆಲ್ಲ ಇಳಿದಿತ್ತು. ತಂದೆ ಬೈಯಲಿಲ್ಲ. ಅರವತ್ತು ಹಾಳೆ ಎಣಿಸಿ ನನ್ನ ಮುಂದಿಟ್ಟು ದೀಪ ಹಚ್ಚಿಕೊಟ್ಟರು. ಬೈದಿದ್ದರೇ ವಾಸಿಯಾಗಿತ್ತು.

ಅಕ್ಷರವನ್ನು ಮಡಚುವ ಮೊದಲೇ ಬರೆಯಿರಿ, ಶಾಯಿಗೆ ಒಂದು ರಾತ್ರಿ ಕೊಡಿ. ಹೆಸರುಗಳನ್ನು ಬೇರೆಯವರಿಂದ ಓದಿಸಿ, ಬರೆದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಹತ್ತಕ್ಕೆ ಒಂದರಂತೆ ಹೆಚ್ಚಿಗೆ ಮಾಡಿಡಿ.

ಓಲೆ ಕೈಸೇರಿ ಮದುವೆಗೆ ಹೊರಡುವವರಿಗೂ ಒಂದು ಮಾತಿದೆ. ಬಟ್ಟೆಗೂ ಎಳೆಯುಂಟು. ರೇಷ್ಮೆಯನ್ನು ಓರೆಯಾಗಿ ಎಳೆದೆಳೆದು ಇಸ್ತ್ರಿ ಮಾಡಿದರೆ ಅಂಚು ಅಲೆಅಲೆಯಾಗುತ್ತದೆ. ನೂಲಿನ ಗುಂಟ, ಒಳಬದಿಯಿಂದ, ಮೇಲೊಂದು ತೆಳುಬಟ್ಟೆ ಹಾಸಿ, ಸಣ್ಣ ಬಿಸಿಯಲ್ಲಿ ಮಾಡಿ. ನೀರು ಚಿಮುಕಿಸಬೇಡಿ, ಹನಿ ಬಿದ್ದಲ್ಲೆಲ್ಲ ಕಲೆ ನಿಲ್ಲುತ್ತದೆ. ಸುಗಂಧವನ್ನು ಉಡುವ ಮೊದಲೇ ಮೈಗೆ ಹಚ್ಚಿ, ಆರಿದ ಮೇಲೆ ಉಡಿ. ಗಾಢ ಬಣ್ಣದ ಹೊಸ ಬಟ್ಟೆಯಾದರೆ ಒಳಅಂಚನ್ನು ಒದ್ದೆ ಬಿಳಿಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದನ್ನುಟ್ಟು ಮದುಮಗಳನ್ನು ಅಪ್ಪಿಕೊಳ್ಳಬೇಡಿ. ಹೊಸ ಚಪ್ಪಲಿಯನ್ನು ವಾರ ಮೊದಲೇ ಮನೆಯೊಳಗೆ ಮೆಟ್ಟಿ ಓಡಾಡಿ. ಕೈಯೆತ್ತಿದರೆ ಬಿಗಿಯುವ, ಕುಳಿತರೆ ಏಳಲಾಗದ ಉಡುಪು ತೊಟ್ಟು ಫೋಟೊದಲ್ಲಿ ನಗುವವರನ್ನು ನೋಡಿದರೆ ನನಗೇ ಉಸಿರು ಕಟ್ಟುತ್ತದೆ.

ಮೊಮ್ಮಗಳು ಎ3 ಹಾಳೆ ತಂದು ಮತ್ತೆ ಶುರುಮಾಡಿದ್ದಾಳೆ. ಮೊದಲ ಇಪ್ಪತ್ತೈದು ಓಲೆಗಳು ಈಗ ಎರಡು ಹಲಗೆಗಳ ನಡುವೆ, ತಂದೆಯ ಕಾಲದ ಕೆಂಡದ ಇಸ್ತ್ರಿಪೆಟ್ಟಿಗೆಯ ಭಾರದಡಿ ಮಲಗಿವೆ. ಆಗಿದೆಯೇ ಎಂದು ಎರಡು ಸಲ ಎತ್ತಿ ನೋಡಿದಳು. ಮೂರನೆಯ ಸಲಕ್ಕೆ ಕುರ್ಚಿಯನ್ನು ಅದರ ಪಕ್ಕಕ್ಕೇ ಎಳೆದುಕೊಂಡು ಕುಳಿತಿದ್ದೇನೆ. ನಾಳೆ ಬೆಳಿಗ್ಗೆಯವರೆಗೆ ಅದನ್ನು ಯಾರೂ ಮುಟ್ಟಕೂಡದು.