ಬಸ್ಸಾರಿಗೆ ಹಸಿ ಈರುಳ್ಳಿ ರುಬ್ಬಬೇಡಿ

ಈಗಿನ ಮಕ್ಕಳು ಬಸ್ಸಾರು ಮಾಡುವುದನ್ನು ನೋಡಿದರೆ ಮೈಯೆಲ್ಲಾ ಉರಿಯುತ್ತದೆ. ಸೊಪ್ಪು, ಬೇಳೆ ಬೇಯಿಸಿ ಕಟ್ಟು ಬಸಿಯುತ್ತಾರೆ, ಅಲ್ಲಿಯವರೆಗೆ ಸರಿ. ಆಮೇಲೆ ಹಸಿ ಈರುಳ್ಳಿಯನ್ನೇ ಕಾಯಿಯ ಜೊತೆ ಮಿಕ್ಸಿಗೆ ಹಾಕಿ ಗರ್ ಅನ್ನಿಸುತ್ತಾರೆ. ಹಸಿಯದು ನುಣ್ಣಗಾದಷ್ಟೂ ಘಾಟು ಜಾಸ್ತಿ, ಒಂದೊಂದು ಸಲ ಕಹಿ ಕೂಡ. ಕೊನೆಗೆ "ಆಂಟಿ, ನಿಮ್ಮ ಸಾರಿನ ರುಚಿ ನಮಗೆ ಬರೋದೇ ಇಲ್ಲ" ಅನ್ನೋದು. ಹೇಗೆ ಬರುತ್ತೆ ಹೇಳಿ?

ಈರುಳ್ಳಿಯನ್ನು ಸುಡಬೇಕು. ಸಿಪ್ಪೆ ಸಮೇತ, ಇಡಿಯಾಗಿ. ಬೇರಿನ ಭಾಗ ಕೊಯ್ಯಬೇಡಿ, ಅದಿದ್ದರೇ ಪದರ ಬಿಡುವುದಿಲ್ಲ. ಚಾಕುವಿನ ತುದಿಯಿಂದ ಎರಡು ಕಡೆ ಚುಚ್ಚಿ, ಇಲ್ಲದಿದ್ದರೆ ಒಳಗಿನ ಆವಿಗೆ ಸಿಡಿಯುತ್ತದೆ. ಸಣ್ಣ ಉರಿಯ ಮೇಲೆ ಜಾಲರಿ ಇಟ್ಟು ಕೂರಿಸಿ, ತಿರುಗಿಸುತ್ತಾ ಇರಿ. ಸಿಪ್ಪೆ ಕರ್ರಗಾದ ಕೂಡಲೇ ಇಳಿಸಿಬಿಡುತ್ತಾರೆ, ಕೆಡುವುದೇ ಅಲ್ಲಿ. ಇಕ್ಕಳದಲ್ಲಿ ಒತ್ತಿದರೆ ಮೆತ್ತಗೆ ಕುಸಿಯಬೇಕು, ಬುಡದಲ್ಲಿ ರಸ ಜಿನುಗಿ ಚುರ್ ಅನ್ನಬೇಕು. ಆಗ ಇಳಿಸಿ, ಬಟ್ಟಲು ಬೋರಲು ಹಾಕಿ ಮುಚ್ಚಿಡಿ. ಆ ಬಿಸಿಗೇ ನಡುಭಾಗ ಬೇಯುತ್ತದೆ. ಆರಿದ ಮೇಲೆ ಕರಿ ಸಿಪ್ಪೆ ಕೈಯಲ್ಲೇ ಸುಲಿಯಿರಿ. ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ ಕಣ್ರೀ! ಹೊಗೆಯ ವಾಸನೆ, ಸಿಹಿ, ಎಲ್ಲಾ ಮೋರಿ ಪಾಲು. ಅಲ್ಲಲ್ಲಿ ಚೂರು ಕಪ್ಪು ಉಳಿದರೆ ಉಳಿಯಲಿ. ಬೆಳ್ಳುಳ್ಳಿಯೂ ಹಾಗೇ, ಇಡೀ ಗೆಡ್ಡೆಯನ್ನೇ ಸುಡಿ.

ನಮ್ಮಮ್ಮ ಸೌದೆ ಒಲೆಯ ಬಿಸಿ ಬೂದಿಯಲ್ಲಿ ಹೂತಿಡುತ್ತಿದ್ದರು. ಮುದ್ದೆ ತಿರುವುವಷ್ಟರಲ್ಲಿ ಹದವಾಗಿರುತ್ತಿತ್ತು. ಒಣಮೆಣಸಿನಕಾಯಿಯೂ ಅದೇ ಕೆಂಡದಲ್ಲಿ. ಮನೆಯೆಲ್ಲಾ ಕೆಮ್ಮು, ಆದರೂ ಯಾರೂ ಅಡುಗೆಮನೆ ಬಿಟ್ಟು ಹೋಗುತ್ತಿರಲಿಲ್ಲ.

ತೀರಾ ದಪ್ಪ ಈರುಳ್ಳಿ ಬೇಡ, ಒಳಗೆ ಹಸಿಯೇ ಉಳಿಯುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ರೋಸ್ ಸಿಕ್ಕಿದರೆ ಬಿಡಬೇಡಿ. ಚಪ್ಪಟೆ ಬುಡ, ಗುಲಾಬಿ ಬಣ್ಣ, ಒಳ್ಳೆ ಖಾರ. 2015ರಲ್ಲಿ ಜಿಐ ಟ್ಯಾಗೂ ಬಂತು, ಅಂದರೆ ಇದು ಈ ಕಡೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು. ಏನು ಪ್ರಯೋಜನ? ನಮ್ಮೂರ ಹೆಸರಿಟ್ಟುಕೊಂಡು ಹೆಚ್ಚಿನದು ಮಲೇಷ್ಯಾ, ಸಿಂಗಪುರದ ಹಡಗು ಹತ್ತುತ್ತದೆ.

ಇನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ ಜೊತೆ ರುಬ್ಬುವ ಕಾಯಿ, ಸಾರಿನಪುಡಿ, ಹುಣಸೆಹಣ್ಣು, ಬಸಿದ ಸೊಪ್ಪು ಒಂದು ಹಿಡಿ, ಇದೆಲ್ಲ ನಿಮಗೆ ಗೊತ್ತಿರುವುದೇ. ಜಾರು ತೊಳೆದ ನೀರನ್ನು ಸಾರಿಗೇ ಸುರಿಯಿರಿ. ಹಾಗೇ ಮುಚ್ಚಳದ ರಬ್ಬರ್ ತೆಗೆದು ಉಜ್ಜಿ. ಕೆಲವರ ಮನೆಯಲ್ಲಿ ಅದರ ಸಂದಿಯಲ್ಲಿ ಕೂತಿರುವ ಹಳೇ ಮಸಾಲೆ ನೋಡಿದರೆ ಊಟ ಸೇರಲ್ಲ.

ಬಸಿದ ಸೊಪ್ಪಿನ ಪಲ್ಯದ ಒಗ್ಗರಣೆಗೆ ಮಾತ್ರ ಹಸಿ ಈರುಳ್ಳಿ ಹೆಚ್ಚಿ ಹಾಕಿ. ನಾನು ಹೇಳಿದೆ ಅಂತ ಅದಕ್ಕೂ ಸುಟ್ಟದ್ದನ್ನೇ ಹಾಕಲು ಹೊರಡಬೇಡಿ.